ನಾರ್ಬರಿ ಎಂಬ ಪಿಸುಮಾತು

ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಶೆರ್ಲಾಕ್ ಹೋಮ್ಸ್ ಮೊದಲು ಅಚ್ಚಿನಲ್ಲಿ ಕಂಡದ್ದು 1887ರಲ್ಲಿ. ಅಲ್ಲಿಂದೀಚೆಗೆ ನಾಟಕ, ಸಿನಿಮಾ, ಬಾನುಲಿ, ಕಿರುತೆರೆಗಳಲ್ಲಿ ಅವನು ಎಷ್ಟು ಸಲ ಮರುಹುಟ್ಟು ಪಡೆದನೆಂದು ಲೆಕ್ಕ ಇಡುವುದೇ ಕಷ್ಟ. ಅವನನ್ನು ಕುದುರೆಗಾಡಿಯಿಂದ ಇಳಿಸಿ, ಕೈಗೆ ಮೊಬೈಲ್ ಕೊಟ್ಟು ನಮ್ಮ ಕಾಲಕ್ಕೆ ತಂದ ಧಾರಾವಾಹಿಗಳಲ್ಲಿ ಎರಡು ಮುಖ್ಯ. 2010ರಿಂದ 2017ರವರೆಗೆ ಬಿಬಿಸಿಯಲ್ಲಿ ಬಂದ 'ಶೆರ್ಲಾಕ್' ಒಂದು. ಸಿನಿಮಾದಷ್ಟು ಉದ್ದದ ಹದಿಮೂರೇ ಕಂತು. 2012ರಿಂದ 2019ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ 'ಎಲಿಮೆಂಟರಿ' ಇನ್ನೊಂದು. ಅದು 154 ಕಂತು ಓಡಿತು. ಇವೆರಡನ್ನು ಹೋಲಿಸುವವರು ಸಾಮಾನ್ಯವಾಗಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹೆಚ್ಚೋ ಜಾನಿ ಲೀ ಮಿಲ್ಲರ್ ಹೆಚ್ಚೋ ಎಂದು ವಾದಿಸುತ್ತಾರೆ. ನಮಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಈ ಮಹಾಬುದ್ಧಿವಂತನಿಗೆ 'ನೀನು ತಪ್ಪಿದೆ' ಎಂದು ಹೇಳುವವರು ಯಾರು? ಹೇಳಿದರೆ ಅವನು ಕೇಳುತ್ತಾನೆಯೆ?

ಈ ಪ್ರಶ್ನೆ ಏಕೆ ಬಂತೆಂದರೆ, ಹೋಮ್ಸ್‌ನ ವಿದ್ಯೆ ನಮ್ಮ ಊರುಗಳಿಗೆ ಹೊಸದೇನಲ್ಲ. ಪ್ಯಾಂಟಿಗೆ ಸಿಡಿದ ಕೆಸರಿನ ಬಣ್ಣ ನೋಡಿ ಆ ಮನುಷ್ಯ ಲಂಡನ್ನಿನ ಯಾವ ಭಾಗದಿಂದ ಬಂದನೆಂದು ಹೋಮ್ಸ್ ಹೇಳುತ್ತಾನೆ. ಧಾರವಾಡ ಜಿಲ್ಲೆಯಲ್ಲಿ ಇದಕ್ಕೆ ಭೂತಗನ್ನಡಿ ಬೇಕಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಚಪ್ಪಲಿಗೆ ಹತ್ತಿತೆಂದರೆ ಬಿಡದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕೆಮ್ಮಣ್ಣಿನ ಗುರುತೇ ಬೇರೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತ ಹಿರಿಯರು ಇಳಿದವನ ಕಾಲು ನೋಡಿಯೇ 'ಗದ್ದಿ ಸೀಮಿಯಂವ' ಅಂದುಬಿಟ್ಟಾರು. ಆದರೆ ಕಾಲಿನ ಮಣ್ಣು ಎಲ್ಲಿಂದ ಬಂದ ಎಂಬುದನ್ನು ಹೇಳೀತು, ಯಾಕೆ ಬಂದ ಎಂಬುದನ್ನು ಹೇಳದು. ಕಣ್ಣಿಗೆ ಬಿದ್ದ ಗುರುತಿನಿಂದ ಮನಸ್ಸಿನೊಳಗಿನ ಉದ್ದೇಶಕ್ಕೆ ಜಿಗಿಯುವ ಈ ಆತುರ ಎಷ್ಟು ಅಪಾಯಕಾರಿ ಎಂಬುದು, ಟೋಪಿ ಗಡ್ಡ ನೋಡಿದೊಡನೆ ಕಥೆ ಕಟ್ಟುವವರ ನಡುವೆ ಬದುಕುವವರಿಗೆ ವಿವರಿಸಬೇಕಾಗಿಲ್ಲ.

ಜೀವಂತರ ಮಾತು ಹಾಗಿರಲಿ. 2010ರ ಆಗಸ್ಟ್‌ನಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆಗಳು ಸಾಲುಸಾಲಾಗಿ ಕಂಡಾಗ ಆದದ್ದೂ ಅದೇ. ಮಣ್ಣು ಪೂರ್ತಿ ಸರಿಯುವ ಮೊದಲೇ ಉತ್ತರಗಳು ಸಿದ್ಧವಾಗಿದ್ದವು. ಬರಗಾಲದಲ್ಲಿ ಸತ್ತವರು ಎಂದರು ಕೆಲವರು, ಯುದ್ಧದಲ್ಲಿ ಕಡಿದ ತಲೆಗಳು ಎಂದರು ಕೆಲವರು. ಮುಂದೆ ಕಾರ್ಬನ್ ಪರೀಕ್ಷೆಯ ವರದಿ ಅವನ್ನು ಆರು ಶತಮಾನಕ್ಕೂ ಹಿಂದಕ್ಕೆ ಒಯ್ದಾಗ, ಹತ್ತಿರದ ಇತಿಹಾಸದಲ್ಲಿ ಅಪರಾಧಿಯನ್ನು ಹುಡುಕಿಟ್ಟವರು ತಮ್ಮ ಊಹೆಯನ್ನು ಹಿಂದಕ್ಕೆ ಪಡೆದ ಸುದ್ದಿಯೇನೂ ನಮ್ಮ ಕಿವಿಗೆ ಬೀಳಲಿಲ್ಲ.

ಬಿಬಿಸಿಯ 'ಶೆರ್ಲಾಕ್' ಈ ಆತುರವನ್ನೇ ಒಂದು ಸೊಗಸಾಗಿ ಮಾರ್ಪಡಿಸಿತು. ಮೊದಲ ಕಂತಿನಲ್ಲಿ ಗುಲಾಬಿ ಬಣ್ಣದ ಬಟ್ಟೆ ತೊಟ್ಟ ಹೆಂಗಸಿನ ಶವದ ಮುಂದೆ ಅವನು ಬಗ್ಗಿದಾಗ, ಅವನ ಅನುಮಾನಗಳು ಅಕ್ಷರಗಳಾಗಿ ಪರದೆಯ ಮೇಲೆ ತೇಲುತ್ತವೆ. ಮೊದಲ ಸಲ ನೋಡಿದಾಗ ರೋಮಾಂಚನವಾಗುವುದು ನಿಜ, ನಮಗೂ ಆಯಿತು. ಆದರೆ ಪರದೆಯ ಮೇಲೆ ಅಚ್ಚಾದ ಮಾತನ್ನು ಪ್ರಶ್ನಿಸುವವರಾರು? ಡಾಯ್ಲ್‌ನ ಕಥೆಯಲ್ಲಿ ಹೋಮ್ಸ್ ತನ್ನ ತರ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳುತ್ತಾನೆ. ಕೇಳಿದವನು 'ಅಯ್ಯೋ, ಇಷ್ಟೇನಾ' ಎನ್ನುತ್ತಾನೆ. ಆ 'ಇಷ್ಟೇನಾ' ಎಂಬುದರಲ್ಲಿ ಓದುಗನಿಗೆ ಒಂದು ಗೌರವವಿತ್ತು. ತೇಲುವ ಅಕ್ಷರಗಳು ಅದನ್ನು ಕಿತ್ತುಕೊಂಡವು. ಸುದ್ದಿವಾಹಿನಿಗಳು ಆರೋಪಿಯ ಮುಖದ ಸುತ್ತ ಕೆಂಪು ವೃತ್ತ ಎಳೆದು ಕೆಳಗೆ ತೀರ್ಪು ಬರೆಯುವುದಕ್ಕೂ ಇದಕ್ಕೂ ತೀರಾ ದೂರದ ನೆಂಟಸ್ತಿಕೆಯೇನಿಲ್ಲ.

ಡಾಯ್ಲ್ ಸ್ವತಃ ತನ್ನ ನಾಯಕನಿಗೆ ಮೂಗುದಾರ ಹಾಕಿದ್ದ. 1893ರಲ್ಲಿ ಬಂದ 'ಹಳದಿ ಮುಖ' ಎಂಬ ಕಥೆಯನ್ನು ನೋಡಿ. ನಾರ್ಬರಿ ಎಂಬ ಊರಿನ ಗ್ರಾಂಟ್ ಮನ್ರೋ ತನ್ನ ಹೆಂಡತಿ ಏನನ್ನೋ ಮುಚ್ಚಿಡುತ್ತಿದ್ದಾಳೆಂದು ಬರುತ್ತಾನೆ. ಪಕ್ಕದ ಮನೆಯ ಕಿಟಕಿಯಲ್ಲಿ ಅವನಿಗೊಂದು ವಿಕಾರ ಹಳದಿ ಮುಖ ಕಂಡಿದೆ. ಹೋಮ್ಸ್ ಕೂತಲ್ಲೇ ಹೇಳಿಬಿಡುತ್ತಾನೆ: ಮೊದಲ ಗಂಡ ಬದುಕಿದ್ದಾನೆ, ಅವಳನ್ನು ಬೆದರಿಸುತ್ತಿದ್ದಾನೆ. ಹೋಗಿ ನೋಡಿದರೆ ಅಲ್ಲಿರುವುದು ಮುಖವಾಡ ತೊಡಿಸಿ ಬಚ್ಚಿಟ್ಟ ಒಂದು ಪುಟ್ಟ ಹೆಣ್ಣುಮಗು. ಅಟ್ಲಾಂಟಾದ ಕಪ್ಪುವರ್ಣೀಯ ವಕೀಲನೊಬ್ಬನನ್ನು ಆಕೆ ಹಿಂದೆ ಮದುವೆಯಾಗಿದ್ದಳು, ಅವನು ತೀರಿಕೊಂಡಿದ್ದಾನೆ, ಮಗಳ ಬಣ್ಣ ಅಪ್ಪನದು. ಮನ್ರೋ ಬಹಳ ಹೊತ್ತು ಮಾತಾಡುವುದಿಲ್ಲ. ಆಮೇಲೆ ಮಗುವನ್ನೆತ್ತಿ ಮುತ್ತಿಟ್ಟು, ಇನ್ನೊಂದು ಕೈಯನ್ನು ಹೆಂಡತಿಯತ್ತ ಚಾಚುತ್ತಾನೆ. ಅಂದು ರಾತ್ರಿ ಹೋಮ್ಸ್ ಗೆಳೆಯ ವಾಟ್ಸನ್‌ಗೆ ಹೇಳುತ್ತಾನೆ: ನನಗೆ ಜಂಬ ಬಂತೆಂದು ಅನ್ನಿಸಿದಾಗ ಕಿವಿಯಲ್ಲಿ 'ನಾರ್ಬರಿ' ಎಂದು ಪಿಸುಗುಟ್ಟು.

ಬಿಬಿಸಿಯವರು 2017ರ 'ದಿ ಸಿಕ್ಸ್ ಥ್ಯಾಚರ್ಸ್' ಕಂತಿನಲ್ಲಿ ಈ ಪದವನ್ನು ಎತ್ತಿಕೊಂಡರು. ಅಲ್ಲಿ ನಾರ್ಬರಿ ಎಂಬುದು ಒಬ್ಬ ಸರ್ಕಾರಿ ಕಾರ್ಯದರ್ಶಿಯ ಹೆಸರು. ಶೆರ್ಲಾಕ್ ಆಕೆಯ ಒಂಟಿ ಬದುಕನ್ನು ಎಳೆಎಳೆಯಾಗಿ ಬಿಚ್ಚಿ ಕೆಣಕುತ್ತಾನೆ, ಆಕೆ ಗುಂಡು ಹಾರಿಸುತ್ತಾಳೆ, ಅಡ್ಡ ಬಂದ ವಾಟ್ಸನ್‌ನ ಹೆಂಡತಿ ಸಾಯುತ್ತಾಳೆ. ಜಂಬದ ಪಾಠ ಉಳಿದಿದೆ, ಒಪ್ಪೋಣ. ಮಗು ಮಾತ್ರ ಮಾಯವಾಗಿದೆ. ಮೂಲದಲ್ಲಿ ಹೋಮ್ಸ್ ಸೋತದ್ದು ಒಂದು ಒಳ್ಳೆಯತನದೆದುರು. ತನ್ನ ಸಮಾಜದಲ್ಲಿ ಇಂಥದ್ದು ನಡೆದೀತೆಂದು ಅವನಿಗೆ ಹೊಳೆಯಲೇ ಇಲ್ಲ. ಬಿಬಿಸಿಯಲ್ಲಿ ಅವನು ಸೋಲುವುದು ಇನ್ನೊಬ್ಬ ಕೊಲೆಗಾರಳ ಕೈಯಲ್ಲಿ. ಈ ಎರಡು ಸೋಲುಗಳು ಒಂದೇ ಅಲ್ಲ.

ಹೆಸರನ್ನಿಟ್ಟುಕೊಂಡು ಮನುಷ್ಯರನ್ನು ಬಿಡುವ ಈ ಚಾಳಿ ಅಲ್ಲಿಗೇ ನಿಲ್ಲುವುದಿಲ್ಲ. 1890ರ 'ದಿ ಸೈನ್ ಆಫ್ ಫೋರ್' ಕಾದಂಬರಿಯ ಬೇರು ಇರುವುದು 1857ರ ಆಗ್ರಾ ಕೋಟೆಯಲ್ಲಿ. ಬಂಡಾಯದ ಗದ್ದಲದಲ್ಲಿ ರಾಜನೊಬ್ಬನ ನಿಧಿಗಾಗಿ ಅಹ್ಮದ್ ಎಂಬ ವ್ಯಾಪಾರಿಯನ್ನು ಕೊಲ್ಲುವ ನಾಲ್ವರಲ್ಲಿ ಮೂವರು ಭಾರತೀಯರು: ಮಹಮದ್ ಸಿಂಗ್, ಅಬ್ದುಲ್ಲಾ ಖಾನ್, ದೋಸ್ತ್ ಅಕ್ಬರ್. ಡಾಯ್ಲ್ ಇವರನ್ನು ಸಿಖ್ಖರೆಂದು ಕರೆಯುತ್ತಾನೆ! ಸಿಗಾರಿನ ಬೂದಿಯಲ್ಲಿ ನೂರಾರು ಬಗೆ ಗುರುತಿಸುವವನನ್ನು ಸೃಷ್ಟಿಸಿದ ಲೇಖಕನಿಗೆ ಇದು ಗೊತ್ತಾಗದಿದ್ದುದು ತಮಾಷೆಯೇ ಸರಿ. 1858ರಲ್ಲಿ ನವಲಗುಂದದ ನೆರೆಯ ನರಗುಂದದ ಭಾಸ್ಕರರಾಯರನ್ನು ಬ್ರಿಟಿಷರು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ ಕಥೆ ಕೇಳಿ ಬೆಳೆದವರಿಗೆ ಆ ಬಂಡಾಯ ಬರಿಯ ನಿಧಿ ಲೂಟಿಯಾಗಿ ಕಾಣುವುದು ಸಾಧ್ಯವಿಲ್ಲ. ಇಷ್ಟಾದರೂ ಡಾಯ್ಲ್‌ನಲ್ಲಿ ಆ ಹೆಸರುಗಳಾದರೂ ಇದ್ದವು. 2014ರ ಬಿಬಿಸಿ ಕಂತು 'ದಿ ಸೈನ್ ಆಫ್ ಥ್ರೀ'ಯಲ್ಲಿ ಜೋನಾಥನ್ ಸ್ಮಾಲ್ ಇದ್ದಾನೆ, ಶೋಲ್ಟೋ ಇದ್ದಾನೆ. ಆಗ್ರಾ ಇಲ್ಲ, ಅಬ್ದುಲ್ಲಾ ಖಾನ್ ಇಲ್ಲ. ಬದಲಿಗೆ ಅಫ್ಘಾನಿಸ್ತಾನದಲ್ಲಿ ಸತ್ತ ಬ್ರಿಟಿಷ್ ಸೈನಿಕರ ದುಃಖವಿದೆ. 1880ರ ಮೈವಂದ್ ಕದನದಲ್ಲಿ ಗಾಯಗೊಂಡ ಡಾಯ್ಲ್‌ನ ವಾಟ್ಸನ್‌ಗೂ, 2010ರ ವಾಟ್ಸನ್‌ಗೂ ಅದೇ ದೇಶದ ಗಾಯ. ನೂರಮೂವತ್ತು ವರ್ಷದಲ್ಲಿ ಬರಹಗಾರರು ಬದಲಿಸಬೇಕಾದ್ದು ಏನೂ ಇರಲಿಲ್ಲ. ಆ ದೇಶದವರು ಆಗಲೂ ಮಾತಾಡಲಿಲ್ಲ, ಈಗಲೂ ಇಲ್ಲ.

2012ರ 'ಎ ಸ್ಕ್ಯಾಂಡಲ್ ಇನ್ ಬೆಲ್‌ಗ್ರೇವಿಯಾ' ಇನ್ನೂ ಒಂದು ಹೆಜ್ಜೆ ಮುಂದೆ. 1891ರ ಮೂಲಕಥೆಯಲ್ಲಿ ಐರೀನ್ ಆಡ್ಲರ್ ಹೋಮ್ಸ್‌ನನ್ನು ಗೆದ್ದು ಹೋಗುತ್ತಾಳೆ. ಇಲ್ಲಿ ಅವಳು ಸೋತು, ಕರಾಚಿಯಲ್ಲಿ ಭಯೋತ್ಪಾದಕರ ಕತ್ತಿಯ ಕೆಳಗೆ ಮಂಡಿಯೂರಿದ್ದಾಳೆ. ವೇಷ ಮರೆಸಿ ಬಂದ ಶೆರ್ಲಾಕ್ ಅವಳನ್ನು ಕಾಪಾಡುತ್ತಾನೆ. ಒಬ್ಬ ಹೆಂಗಸಿನ ಗೆಲುವನ್ನು ಕಿತ್ತುಕೊಳ್ಳಲು ಒಂದು ಇಡೀ ನಗರವನ್ನು ಕಟುಕರ ಕೊಟ್ಟಿಗೆಯಾಗಿ ತೋರಿಸಬೇಕಾಯಿತು.

'ಎಲಿಮೆಂಟರಿ'ಗೆ ಬಂದರೆ, ಅದನ್ನು ಹೊಗಳುವ ಮೊದಲು ಒಂದು ಮಾತು: ವಾರಕ್ಕೊಂದು ಕೊಲೆ ಎಂಬ ಕಾರ್ಖಾನೆಯ ಲಯ ಅದಕ್ಕಿದೆ. ಅನೇಕ ಕಂತುಗಳು ನೋಡಿದ ಮರುದಿನ ನೆನಪಿರುವುದಿಲ್ಲ. ಬಿಬಿಸಿಯವರ ಚಿತ್ರಕಶಕ್ತಿ ಇಲ್ಲಿ ಇಲ್ಲವೇ ಇಲ್ಲ. ಆದರೆ ಈ ಹೋಮ್ಸ್ ಮಾದಕವ್ಯಸನದಿಂದ ಹೊರಬರುತ್ತಿರುವವನು. ನ್ಯೂಯಾರ್ಕಿನಲ್ಲಿ ಅವನ ಮೇಲೆ ಕಣ್ಣಿಡಲು ತಂದೆ ನೇಮಿಸಿದವಳು ಜೋನ್ ವಾಟ್ಸನ್, ಹಿಂದೆ ಶಸ್ತ್ರಚಿಕಿತ್ಸಕಿಯಾಗಿದ್ದವಳು. ಲೂಸಿ ಲಿಯು ಆ ಪಾತ್ರ ಮಾಡಿದ್ದಾರೆ. ಅಂದರೆ ಮೊದಲ ದಿನದಿಂದಲೇ ಇಲ್ಲಿ ಹೋಮ್ಸ್ ನೋಡಿಸಿಕೊಳ್ಳುವವನೂ ಹೌದು. ಬರಬರುತ್ತ ಜೋನ್ ತಾನೇ ಪತ್ತೇದಾರಳಾಗುತ್ತಾಳೆ. ಹೋಮ್ಸ್‌ಗೆ ಬಗ್ಗದ ಮೊರಿಯಾರ್ಟಿಯ ದೌರ್ಬಲ್ಯ ಮೊದಲ ಸರಣಿಯ ಕೊನೆಗೆ ಅವಳಿಗೆ ಹೊಳೆಯುತ್ತದೆ.

2013ರ 'ಟ್ರೆಮರ್ಸ್' ಕಂತನ್ನು 'ಸಿಕ್ಸ್ ಥ್ಯಾಚರ್ಸ್' ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲೂ ಹೋಮ್ಸ್‌ನ ದುಡುಕು ಒಬ್ಬನ ಬದುಕನ್ನು ಕೆಡಿಸುತ್ತದೆ, ಅವನು ಗುಂಡು ಹಾರಿಸುತ್ತಾನೆ, ಅಡ್ಡ ಬಂದವರಿಗೆ ತಾಗುತ್ತದೆ. ತಾಗಿದ್ದು ಮಾರ್ಕಸ್ ಬೆಲ್ ಎಂಬ ಕಪ್ಪುವರ್ಣೀಯ ಪೊಲೀಸ್ ಅಧಿಕಾರಿಗೆ. ಅವನು ಸಾಯುವುದಿಲ್ಲ, ಕೈ ನಡುಗುತ್ತದೆ, ಕೆಲಸ ಹೋದೀತೆಂಬ ಭಯವಿದೆ. ಹೋಮ್ಸ್ ವಿಚಾರಣೆಯಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಕೊನೆಗೆ ಅವನು ನೆರವು ಚಾಚಿದರೂ ಬೆಲ್ ಸುಲಭಕ್ಕೆ ಕ್ಷಮಿಸುವುದಿಲ್ಲ. ಬಿಬಿಸಿಯಲ್ಲಿ ಸತ್ತವಳು ವಿಡಿಯೋ ಮೂಲಕ ಶೆರ್ಲಾಕ್‌ಗೆ ಮುಂದಿನ ಕೆಲಸ ಒಪ್ಪಿಸುತ್ತಾಳೆ. ಇಲ್ಲಿ ಗಾಯಗೊಂಡವನಿಗೆ ಮುಖ ತಿರುಗಿಸುವ ಹಕ್ಕಿದೆ.

ನಮ್ಮ ಕಡೆ ಈ ಬಗೆಯ ಪತ್ತೇದಾರನನ್ನು ಕಿರುತೆರೆಯಲ್ಲಿ ಕಂಡವರು ದೂರದರ್ಶನದ ಕಾಲದವರು. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶನನ್ನು 1993ರಲ್ಲಿ ಬಾಸು ಚಟರ್ಜಿ ಹಿಂದಿಗೆ ತಂದಾಗ, ರಜಿತ್ ಕಪೂರ್ ಧೋತರ ಉಟ್ಟು, ದನಿ ಏರಿಸದೆ, ಎದುರಿನವರು ಮಾತು ಮುಗಿಸುವವರೆಗೆ ಕಾದರು. ಬ್ಯೋಮಕೇಶನಿಗೆ 'ಡಿಟೆಕ್ಟಿವ್' ಎಂದರೆ ಆಗದು, ತಾನು ಸತ್ಯಾನ್ವೇಷಿ ಎನ್ನುತ್ತಾನೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು, ಉರ್ದು ಬಲ್ಲ ಮನೆಗಳಲ್ಲಿ ಇಬ್ನೆ ಸಫಿಯವರ ಫರೀದಿ, ಇಮ್ರಾನರನ್ನು ಓದಿದ ತಲೆಮಾರು ನಮ್ಮಲ್ಲಿದೆ. ಅವರಿಗಾಗಿ ಯಾರಾದರೂ 'ಹಳದಿ ಮುಖ'ವನ್ನು ನಮ್ಮ ನೆಲಕ್ಕೆ ತರಬೇಕು. ಕುಂದಗೋಳದ್ದೋ ಕಲಘಟಗಿಯದ್ದೋ ಒಂದು ಮನೆ, ಊರಿಗೆ ಕಾಣಬಾರದೆಂದು ಬಚ್ಚಿಟ್ಟ ಒಂದು ಮಗು, ಬಾಗಿಲಲ್ಲಿ ನಿಂತ ಗಂಡ. ಅವನು ಸುಮ್ಮನೆ ನಿಂತಿರುವ ಅಷ್ಟು ಹೊತ್ತು ಹಿನ್ನೆಲೆ ಸಂಗೀತ ಹಾಕದೆ, ಜಾಹೀರಾತಿಗೆ ಕತ್ತರಿಸದೆ ತೋರಿಸುವ ವಾಹಿನಿ ಸಿಕ್ಕರೆ ನಾವು ನೋಡುತ್ತೇವೆ.