ಹೊಸ್ತಿಲಿಗೆ ಯಾವ ಹಳದಿ?

ಯಾದಗಿರಿ, ಶಹಾಪುರ, ಸುರಪುರದ ಹಳೇ ಮನೆಗಳಲ್ಲಿ ಹಲಗೆ ಹಾಸಿದ್ದು ಎಲ್ಲಿದೆ ಎಂದು ಹುಡುಕಿದರೆ ತಲೆಯ ಮೇಲೆ ಸಿಗುತ್ತದೆ. ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು: ಮಾಳಿಗೆ ಮನೆ ಎಂದರೆ ಅಷ್ಟೇ. ಕಾಲ ಕೆಳಗಿರುವುದು ಶಹಾಬಾದಿ ಫರ್ಸಿ, ಇಲ್ಲವೇ ಸಗಣಿ ಸಾರಿಸಿದ ನೆಲ. ಹಾಗಾಗಿ ಓಡಾಡುವ ಕಟ್ಟಿಗೆಗೆ ಯಾವ ಬಣ್ಣ ತಾಳುತ್ತದೆ ಎಂದು ಕೇಳುವವರು ಇಲ್ಲಿ ನೋಡಬೇಕಾದದ್ದು ಹೊಸ್ತಿಲನ್ನು.

ಹೊಸ್ತಿಲು ದಾಟಬೇಕು, ತುಳಿಯಬಾರದು. ಮೇಲೆ ಕೂತರಂತೂ ಹಿರಿಯರು ಗದರುತ್ತಾರೆ. ಆದರೆ ರಾತ್ರಿ ಪಡಸಾಲೆಗೆ ಬರುವ ಬೈಕಿನ ಗಾಲಿಗೆ, ತೊಗರಿ ಚೀಲ ಒಳಗೆಳೆಯುವ ಕೈಗಳಿಗೆ ಈ ಶಾಸ್ತ್ರ ಹೇಳುವವರಾರು? ದಿನಾ ಬೆಳಿಗ್ಗೆ ನೀರು, ಹಬ್ಬಕ್ಕೆ ಎಣ್ಣೆ ದೀಪ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಮನೆಯ ಬೇರೆ ಯಾವ ಕಟ್ಟಿಗೆಯೂ ಇಷ್ಟು ಪೆಟ್ಟು ತಿನ್ನುವುದಿಲ್ಲ.

ಈ ಪೆಟ್ಟಿಗೆ ಈಗಿನ ಉತ್ತರ ಹಳದಿ ಆಯಿಲ್ ಪೇಂಟ್. ಹಳದಿಯ ಮೇಲೆ ಕೆಂಪು-ಬಿಳಿ ಚುಕ್ಕಿ, ಎರಡು ತುದಿಗೆ ಕಮಲ. ಅರಿಸಿನ ಹಚ್ಚಿದಂತೆ ಕಾಣಬೇಕು, ದಿನಾ ಹಚ್ಚುವ ಕೆಲಸ ಮಾತ್ರ ತಪ್ಪಬೇಕು. ಮದುವೆಯ ದಿನ, ದೀಪಾವಳಿಯ ದಿನ ಈ ಬಣ್ಣಕ್ಕೆ ಪೂರ್ತಿ ಅಂಕ ಕೊಡಬಹುದು. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಹೊಸ್ತಿಲು ನೋಡಬೇಕು: ತುದಿಗಳ ಕಮಲ ನಗುತ್ತಿರುತ್ತದೆ, ನಡುವೆ ಬಣ್ಣ ಹಪ್ಪಳದಂತೆ ಎದ್ದಿರುತ್ತದೆ.

ದೂಷಣೆ ಎಲ್ಲ ಡಬ್ಬಿಯ ಮೇಲೆ. ತಪ್ಪು ಇರುವುದು ಬಣ್ಣದ ಅಡಿಯಲ್ಲಿ. ವರ್ಷಗಟ್ಟಲೆ ಕೂತ ಅರಿಸಿನ, ಕುಂಕುಮ, ದೀಪದ ಎಣ್ಣೆಯ ಜಿಡ್ಡು ತೆಗೆಯದೆ ಹಬ್ಬದ ಹಿಂದಿನ ದಿನ ಕುಂಚ ಎಳೆದರೆ, ಬಣ್ಣ ಹಿಡಿಯುವುದು ಜಿಡ್ಡನ್ನೇ ಹೊರತು ಕಟ್ಟಿಗೆಯನ್ನಲ್ಲ. ಬೇಗ ಮುಗಿಯಲೆಂದು ಒಂದೇ ದಪ್ಪ ಪದರ ಬಳಿಯುವುದು ಇನ್ನೊಂದು ಅಭ್ಯಾಸ. ಆಯಿಲ್ ಪೇಂಟ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಮೇಲ್ಮೈ ಒಣಗಿದರೂ ದಪ್ಪ ಪದರದ ಒಳಗು ಹಸಿಯಾಗೇ ಉಳಿಯುತ್ತದೆ. ಕೈಗೆ ಅಂಟದಿರುವುದೇ ಬೇರೆ, ಗಾಲಿಗೆ ತಾಳುವುದೇ ಬೇರೆ. ಚಿನ್ನದ ಕೆಲಸದ ಚಿತ್ರಗಳಿಗೆ ಹೆಸರಾದ ಸುರಪುರದವರಿಗೆ ಅಡಿಪದರದ ಮಹತ್ವ ಹೊರಗಿನವರು ಹೇಳಬೇಕಾಗಿಲ್ಲ.

ಹಳದಿಗೆ ಇನ್ನೊಂದು ಲೆಕ್ಕವೂ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಹಳದಿ ಎನಾಮೆಲ್‌ಗೆ ಗಾಢತೆ ಕೊಡಲು ಸೀಸದ ಕ್ರೋಮೇಟ್ ಬಳಸುವ ರೂಢಿಯಿತ್ತು. ಅಂಬೆಗಾಲಿಡುವ ಕೂಸು ಮೊದಲು ಹಿಡಿಯುವುದು ಹೊಸ್ತಿಲನ್ನೇ. ಹಳೇ ಹಳದಿಯನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವುದಕ್ಕಿಂತ, ನೀರು ಸಹಿಸುವ ಎಮರಿ ಕಾಗದದಿಂದ ಒದ್ದೆ ಮಾಡಿ ಉಜ್ಜಿ, ಆ ರಾಡಿಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯುವುದು ಮೇಲು. ಕೂಸನ್ನು ಅಷ್ಟು ಹೊತ್ತು ಪಕ್ಕದ ಮನೆಗೆ ಕಳಿಸಬೇಕು.

ಅರಿಸಿನವನ್ನೇ ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಬಿಸಿಲಿಗೆ ಅದರ ಬಣ್ಣ ಬೇಗ ಹಾರುತ್ತದೆ. ಸೋಡಾ ಬೆರೆತ ಬಟ್ಟೆ ಒಗೆದ ನೀರು ಬಿದ್ದರೆ ಕೆಂಪಗಾಗುತ್ತದೆ. ಅರಿಸಿನಕ್ಕೆ ಸುಣ್ಣ ಕೂಡಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಕಟ್ಟಿಗೆಗೆ ಅದರಿಂದ ರಕ್ಷಣೆ ಅಷ್ಟಕ್ಕಷ್ಟೇ. ಆದರೂ ಒಂದು ವಿಷಯದಲ್ಲಿ ಅದು ಪೇಂಟನ್ನು ಮೀರಿಸುತ್ತದೆ: ಅರಿಸಿನ ಹೋದರೆ ನಾಳೆ ಮತ್ತೆ ಹಚ್ಚಬಹುದು, ಪೇಂಟ್ ಎದ್ದರೆ ಕೆರೆಯಬೇಕು.

ಇವೆರಡರ ನಡುವೆ ಮೂರನೆಯದೊಂದು ಈ ಸೀಮೆಯ ಹೊಲದಲ್ಲೇ ಇದೆ. ಅಗಸೆ ಎಣ್ಣೆ. ಶೇಂಗಾ ಎಣ್ಣೆ ಎಷ್ಟು ದಿನವಾದರೂ ಒಣಗದೆ ಧೂಳು ಹಿಡಿಯುತ್ತದೆ; ಅಗಸೆ ಎಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ. ಸಾಗವಾನಿಯಾಗಲಿ ಬೇವಾಗಲಿ, ತೆಳುವಾಗಿ ಸವರಿ, ಹೀರದೆ ಉಳಿದದ್ದನ್ನು ಒರೆಸಿ, ಕೆಲವು ದಿನ ಬಿಟ್ಟು ಮತ್ತೆ ಸವರಬೇಕು. ಪೇಂಟಿನ ಹೊಳಪು ಬಾರದು, ನೀರನ್ನು ಅಷ್ಟು ತಡೆಯದು. ಆದರೆ ಏಳುವುದಕ್ಕೆ ಪದರವೇ ಇರುವುದಿಲ್ಲ, ಸವೆದಲ್ಲಿ ಮತ್ತೆ ಸವರಿದರೆ ಮುಗಿಯಿತು. ಶುಕ್ರವಾರದ ಅರಿಸಿನಕ್ಕೂ ಜಾಗ ಉಳಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಬೆಂಕಿ ಹಿಡಿದೀತು. ಹರವಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ಅದ್ದಿಡಬೇಕು.

ಪೇಂಟೇ ಬೇಕೆನ್ನುವ ಮನೆಗಳೇ ಹೆಚ್ಚು. ಅಂಥವರು ಅಂಗಡಿಯ ಶೇಡ್ ಕಾರ್ಡ್ ನಂಬುವ ಮೊದಲು ಅಡುಗೆಮನೆಯ ಹೊಸ್ತಿಲ ಮೂಲೆಯಲ್ಲಿ ಪರೀಕ್ಷೆ ಮಾಡಬಹುದು. ತೊಳೆದು ಒಣಗಿಸಿದ ಕಟ್ಟಿಗೆಯ ಮೇಲೆ ಒಂದು ಹನಿ ನೀರು ಬಿಡಬೇಕು. ಹನಿ ಮಣಿಯಂತೆ ನಿಂತರೆ ಜಿಡ್ಡು ಅಥವಾ ಹಳೇ ವಾರ್ನಿಷ್ ಇನ್ನೂ ಇದೆ ಎಂದು ಅನುಮಾನಿಸಬೇಕು. ಆಮೇಲೆ ಪ್ರೈಮರ್, ಎರಡು ತೆಳು ಪದರ, ಒಂದು ವಾರ ಬಿಡುವು. ವಾರದ ನಂತರ ಬ್ಲೇಡಿನಿಂದ ಚೌಕುಳಿ ಗೀರಿ, ಸೆಲ್ಲೋಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆಯಬೇಕು. ಟೇಪಿನ ಜೊತೆ ಹಳದಿ ಬಂದರೆ ಆ ಬಣ್ಣ ಮುಂಬಾಗಿಲಿಗೆ ಬೇಡ. ಬಾರದಿದ್ದರೆ ಒದ್ದೆ ಬಟ್ಟೆಯೊಂದನ್ನು ರಾತ್ರಿಯಿಡೀ ಅದರ ಮೇಲೆ ಹಾಸಿಟ್ಟು, ಬೆಳಿಗ್ಗೆ ಉಗುರಿನಿಂದ ಕೆರೆದು ನೋಡಬೇಕು.