ಬೀಗ ಬಿದ್ದ ಶಾಲೆಗಳು: ಎರಡು ಪುಸ್ತಕಗಳು

ಹಿರಿಯರು ಮಾಡಿದ ಅನ್ಯಾಯವನ್ನು ಮಕ್ಕಳು ಮೊಮ್ಮಕ್ಕಳು ಬರೆಯಹೊರಟಾಗ ಒಂದು ತೊಡಕು ತಾನಾಗಿ ಒದಗುತ್ತದೆ. ಅನ್ಯಾಯಕ್ಕೆ ಗುರಿಯಾದವರ ದುಃಖ ಒಂದು ಕಡೆ. ಅದನ್ನು ತಡವಾಗಿ ಅರಿತವರ ಪಶ್ಚಾತ್ತಾಪ ಇನ್ನೊಂದು ಕಡೆ. ಎರಡೂ ನಿಜವಾದ ಭಾವಗಳೇ. ಆದರೆ ಒಂದೇ ಗ್ರಂಥದಲ್ಲಿ ಎರಡಕ್ಕೂ ಸಮನಾದ ಸ್ಥಾನ ಸಲ್ಲುತ್ತದೆಯೆ? ಅಮೆರಿಕದ ಪತ್ರಕರ್ತೆ ಕ್ರಿಸ್ಟನ್ ಗ್ರೀನ್ ಅವರು 2015ರಲ್ಲಿ ಪ್ರಕಟಿಸಿದ ‘ಸಮ್‌ಥಿಂಗ್ ಮಸ್ಟ್ ಬಿ ಡನ್ ಅಬೌಟ್ ಪ್ರಿನ್ಸ್ ಎಡ್ವರ್ಡ್ ಕೌಂಟಿ’ ಎಂಬ ಪುಸ್ತಕವನ್ನು ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಇದು.

ವಿಷಯ ನಮ್ಮ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲವಾದ್ದರಿಂದ ನಾಲ್ಕು ಮಾತು ಹೇಳಬೇಕು. ಪ್ರಿನ್ಸ್ ಎಡ್ವರ್ಡ್ ಎಂಬುದು ವರ್ಜೀನಿಯಾ ರಾಜ್ಯದ ಒಂದು ಸಣ್ಣ ಕೌಂಟಿ, ಹೊಗೆಸೊಪ್ಪು ಬೆಳೆಯುತ್ತಿದ್ದ ಹಳ್ಳಿಗಾಡು. ಫಾರ್ಮ್‌ವಿಲ್ ಅದರ ಮುಖ್ಯ ಪಟ್ಟಣ. ಅಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ನಮ್ಮ ನಗರಗಳಲ್ಲಿ ಆ ಹೆಸರು ಹೊತ್ತಿರುವ ದುಬಾರಿ ಖಾಸಗಿ ಶಾಲೆಯಲ್ಲ. ಜನರ ತೆರಿಗೆಯಿಂದ ನಡೆಯುವ ಉಚಿತ ಶಾಲೆ. ಆಗ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಇನ್ನೊಂದು. ಕಪ್ಪು ಮಕ್ಕಳ ಮೋಟನ್ ಹೈಸ್ಕೂಲನ್ನು 1939ರಲ್ಲಿ 180 ವಿದ್ಯಾರ್ಥಿಗಳಿಗೆಂದು ಕಟ್ಟಿದ್ದರು. 1951ರ ಹೊತ್ತಿಗೆ ಅಲ್ಲಿ 450ಕ್ಕೂ ಹೆಚ್ಚು ಮಂದಿ ಓದುತ್ತಿದ್ದರು. ಜಾಗ ಸಾಲದೆ ಟಾರು ಕಾಗದ ಹೊದಿಸಿದ ಷೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. ಆ ವರ್ಷ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ಮುಂದಾಳಾಗಿ ನಿಂತು ವಿದ್ಯಾರ್ಥಿಗಳ ಮುಷ್ಕರ ಹೂಡಿದಳು. ಅದರಿಂದ ಹುಟ್ಟಿದ ದಾವೆಯು, ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ‘ಬ್ರೌನ್’ ತೀರ್ಪಿಗೆ ಒಳಪಟ್ಟ ಐದು ದಾವೆಗಳಲ್ಲಿ ಒಂದು.

ತೀರ್ಪನ್ನು ಪಾಲಿಸಲೇಬೇಕಾದ ಕಾಲ ಬಂದಾಗ, 1959ರಲ್ಲಿ, ಕೌಂಟಿಯ ಆಡಳಿತ ಮಂಡಳಿಯು ಶಾಲೆಗಳಿಗೆ ಹಣವನ್ನೇ ಮಂಜೂರು ಮಾಡಲಿಲ್ಲ. ಎಲ್ಲ ಸಾರ್ವಜನಿಕ ಶಾಲೆಗಳಿಗೂ ಬೀಗ ಬಿತ್ತು. ಬಿಳಿಯರು ತಮ್ಮ ಮಕ್ಕಳಿಗಾಗಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯನ್ನು ತೆರೆದುಕೊಂಡರು. ಸುಮಾರು 1,700 ಕಪ್ಪು ಮಕ್ಕಳು ಬೀದಿಯಲ್ಲಿ ಉಳಿದರು. ಕೆಲವರು ಪರ ಊರುಗಳ ಬಂಧುಗಳ ಮನೆ ಸೇರಿದರು. ಅನೇಕರು ಓದನ್ನೇ ಬಿಟ್ಟರು. 1963ರಲ್ಲಿ ದೇಣಿಗೆಯ ಹಣದಿಂದ ತಾತ್ಕಾಲಿಕ ಶಾಲೆಗಳು ತೆರೆದವು. 1964ರ ಮೇ 25ರಂದು ಸುಪ್ರೀಂ ಕೋರ್ಟು ಮತ್ತೊಮ್ಮೆ ತೀರ್ಪಿತ್ತ ಮೇಲೆಯೇ ಕೌಂಟಿಯ ಶಾಲೆಗಳ ಬಾಗಿಲು ತೆರೆದದ್ದು.

ಗ್ರೀನ್ ಹುಟ್ಟಿ ಬೆಳೆದದ್ದು ಆಮೇಲಿನ ಫಾರ್ಮ್‌ವಿಲ್‌ನಲ್ಲಿ. ಓದಿದ್ದು ಅದೇ ಅಕಾಡೆಮಿಯಲ್ಲಿ. 1986ರವರೆಗೆ ಅಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಅದನ್ನು ಕಟ್ಟಿದವರಲ್ಲಿ ತಮ್ಮ ತಾತನೂ ಒಬ್ಬರೆಂಬುದು ಅವರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು ತನ್ನ ಮಗಳನ್ನು ಓದಿಗಾಗಿ ದೂರದ ಮ್ಯಾಸಚೂಸೆಟ್ಸ್‌ಗೆ ಕಳುಹಿಸಿ ಅಗಲಿಕೆಯನ್ನು ನುಂಗಿಕೊಂಡಿದ್ದಳೆಂಬುದೂ ಹಾಗೆಯೇ. ಪುಸ್ತಕದ ದೊಡ್ಡ ಗುಣ ಇಲ್ಲಿದೆ. ಲೇಖಕಿ ರಾಕ್ಷಸರನ್ನು ಚಿತ್ರಿಸುವುದಿಲ್ಲ. ತೆರಿಗೆ, ಶುಲ್ಕ, ಸಮಿತಿ, ಸಭೆ ಇವುಗಳ ನಡುವೆ, ಮೊಮ್ಮಕ್ಕಳನ್ನು ಮುದ್ದಿಸುವ ಸಭ್ಯರೇ ಇಂಥ ಕೆಲಸ ಮಾಡಿದರೆಂದು ತೋರಿಸುತ್ತಾರೆ. ಅದು ನಮಗೂ ಸುಲಭವಾಗಿ ಅರ್ಥವಾಗುವ ಸಂಗತಿ.

ಆದರೆ ಪುಸ್ತಕ ಮುಂದೆ ಸಾಗಿದಂತೆ ಲೇಖಕಿಯ ಸಂಕಟವೇ ಮುಂಚೂಣಿಗೆ ಬರುತ್ತದೆ. ಬಾಲ್ಯ, ಮದುವೆ, ಮಿಶ್ರ ವಂಶದ ತಮ್ಮ ಹೆಣ್ಣುಮಕ್ಕಳು, ತಾತನ ಮೇಲಿನ ಪ್ರೀತಿ, ಆ ಪ್ರೀತಿಯ ಬಗೆಗಿನ ನಾಚಿಕೆ ಇವೆಲ್ಲ ಮತ್ತೆ ಮತ್ತೆ ಅಡ್ಡ ಬರುತ್ತವೆ. ಶಾಲೆ ಕಳೆದುಕೊಂಡವರು ಮಾತನಾಡತೊಡಗಿ ನಮ್ಮ ಮನಸ್ಸು ಅಲ್ಲಿ ನಿಂತಿತು ಎನ್ನುವಷ್ಟರಲ್ಲಿ ಕಥೆ ಲೇಖಕಿಯ ಕಡೆಗೆ ತಿರುಗುತ್ತದೆ.

ಪ್ರಬಂಧದಲ್ಲಿ ಹಲವು ರಸಗಳಿದ್ದರೂ ಒಂದು ಅಂಗಿಯಾಗಿ ಉಳಿದವು ಅಂಗವಾಗಿರಬೇಕೆಂದು ಆನಂದವರ್ಧನ ಹೇಳಿದ್ದಾನೆ. ಕ್ರೌಂಚವಧೆಯ ಪ್ರಸಂಗವನ್ನು ವಿವರಿಸುವಾಗ ಅಭಿನವಗುಪ್ತ ಇನ್ನೂ ಸೂಕ್ಷ್ಮವಾದ ಮಾತನ್ನು ಸೇರಿಸುತ್ತಾನೆ: ಆ ಶೋಕ ಋಷಿಯ ಸ್ವಂತ ದುಃಖವೆಂದು ತಿಳಿಯಬಾರದು. ವಾಲ್ಮೀಕಿ ತನ್ನ ನೋವನ್ನೇ ಹೇಳಿಕೊಳ್ಳುತ್ತ ಕುಳಿತಿದ್ದರೆ ಹಕ್ಕಿ ಮರೆಯಾಗುತ್ತಿತ್ತು. ಗ್ರೀನ್ ಅವರ ಪುಸ್ತಕದಲ್ಲಿ ಹಕ್ಕಿ ಆಗಾಗ ಮರೆಯಾಗುತ್ತದೆ ಎಂಬುದೇ ನನ್ನ ಆಕ್ಷೇಪಣೆ.

ಇದಕ್ಕೆ ಐವತ್ತು ವರ್ಷ ಮೊದಲೇ, ಶಾಲೆಗಳು ತೆರೆದ ಮರುವರ್ಷ, ಬಾಬ್ ಸ್ಮಿತ್ ಎಂಬ ಪತ್ರಿಕೋದ್ಯೋಗಿ ‘ದೇ ಕ್ಲೋಸ್ಡ್ ದೇರ್ ಸ್ಕೂಲ್ಸ್’ ಎಂಬ ಪುಸ್ತಕವನ್ನು ಬರೆದರು. ಎರಡು ಹೆಸರುಗಳನ್ನು ಕನ್ನಡಕ್ಕೆ ತಂದು ನೋಡಿ. ‘ಅವರು ತಮ್ಮ ಶಾಲೆಗಳನ್ನು ಮುಚ್ಚಿದರು’ ಎಂಬುದು ಕರ್ತರಿ ಪ್ರಯೋಗ. ಮಾಡಿದವರು ಯಾರೆಂಬುದು ವಾಕ್ಯದಲ್ಲೇ ಇದೆ. ‘ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಬಗ್ಗೆ ಏನಾದರೂ ಮಾಡಲ್ಪಡಬೇಕು’ ಎಂಬುದು ಕರ್ಮಣಿ. ಮಾಡಬೇಕಾದವರು ಯಾರು, ಹೆಸರಿನಲ್ಲಿಲ್ಲ. ಸ್ಮಿತ್ ಅವರದು ಹೊರಗಿನವರ ವರದಿ. ಮನೆಯೊಳಗಿನ ಮೌನ ಅಲ್ಲಿ ಸಿಗದು. ಅದನ್ನು ಕೊಟ್ಟದ್ದು ಗ್ರೀನ್. ಆದರೆ ಯಾರು ಏನು ಮಾಡಿದರು, ಯಾರು ಏನು ಕಳೆದುಕೊಂಡರು ಎಂಬ ಲೆಕ್ಕವನ್ನು ಕಣ್ತಪ್ಪದಂತೆ ಹಿಡಿದಿರುವುದು ಹಳೆಯ ಪುಸ್ತಕವೇ.

ಲೇಖಕಿಯ ಪರವಾಗಿ ಒಂದು ಮಾತು ಬರಬಹುದು: ತನ್ನವರ ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವೇ ದೊಡ್ಡದಲ್ಲವೆ? ದೊಡ್ಡದೇ, ಸಂದೇಹವಿಲ್ಲ. ವರ್ಜೀನಿಯಾದ ಶಾಸನಸಭೆಯೂ 2003ರಲ್ಲಿ ವಿಷಾದದ ನಿರ್ಣಯ ಮಾಡಿತು. ಆದರೆ ಮರುವರ್ಷ, ಓದು ತಪ್ಪಿದವರಿಗೆಂದು ವಿದ್ಯಾರ್ಥಿವೇತನದ ಏರ್ಪಾಟನ್ನೂ ಮಾಡಿತು. ಆಗ ಅವರಲ್ಲಿ ಎಷ್ಟೋ ಮಂದಿ ಐವತ್ತು ದಾಟಿದ್ದರು. ಬರಿಯ ವಿಷಾದದಿಂದ ಅವರಿಗೆ ಒಂದು ಪುಸ್ತಕವೂ ಬರುತ್ತಿರಲಿಲ್ಲ.

ಇಷ್ಟಾದರೂ ಗ್ರೀನ್ ಅವರ ಪುಸ್ತಕವನ್ನು ಓದಿರೆಂದೇ ನನ್ನ ಸಲಹೆ. ತೆರಿಗೆಯ ಒಂದು ಸಾಲನ್ನು ಹೊಡೆದುಹಾಕಿ ಒಂದು ತಲೆಮಾರಿನ ಅಕ್ಷರವನ್ನು ಕಸಿದುಕೊಳ್ಳಬಹುದೆಂಬುದನ್ನು ಅದು ಮನಗಾಣಿಸುತ್ತದೆ. ಓದುವಾಗ, ಬೀಗ ಬಿದ್ದ ಬಾಗಿಲಿನ ಹೊರಗೆ ನಿಂತವರು ಮಾತನಾಡುವ ಪುಟಗಳಲ್ಲಿ ಸ್ವಲ್ಪ ನಿಧಾನಿಸಿ. ಪುಸ್ತಕದ ಜೀವ ಅಲ್ಲಿದೆ.