ಒಂದೇ ಆಕಾರ, ಎರಡು ಕೆಲಸ

ಯಾವ ಜೀನ್ ಯಾವುದನ್ನು ನಿಯಂತ್ರಿಸುತ್ತದೆ ಎಂಬುದನ್ನು ಬಾಣಗಳ ಜಾಲವಾಗಿ ಬರೆಯುವುದು ವಾಡಿಕೆ. ಇಸ್ರೇಲಿನ ಊರಿ ಅಲೋನ್ ಮತ್ತು ಸಂಗಡಿಗರು 2002ರಲ್ಲಿ ಇಂಥ ಜಾಲಗಳೊಳಗಿನ ಪುಟ್ಟ ಜೋಡಣೆಗಳನ್ನು ಎಣಿಸಿದರು. ‘ಅ’ ಎಂಬುದು ‘ಬ’ವನ್ನೂ ‘ಕ’ವನ್ನೂ, ‘ಬ’ ಮತ್ತೆ ‘ಕ’ವನ್ನು ನಿಯಂತ್ರಿಸುವ ಫೀಡ್‌ಫಾರ್ವರ್ಡ್ ಲೂಪ್, ಇ. ಕೋಲಿ ಬ್ಯಾಕ್ಟೀರಿಯಾದ 519 ಬಾಣಗಳ ಜಾಲದಲ್ಲಿ 40 ಕಡೆ ಸಿಕ್ಕಿತು. ಬಾಣಗಳನ್ನು ಮನಬಂದಂತೆ ಅದಲುಬದಲು ಮಾಡಿದ ಜಾಲಗಳಲ್ಲಿ ಸಿಕ್ಕಿದ್ದು ಸರಾಸರಿ 7. ಎರಡು ವರ್ಷದ ಬಳಿಕ ಇದೇ ಲೆಕ್ಕದಿಂದ ಬ್ಯಾಕ್ಟೀರಿಯಾ, ಹುಳುವಿನ ನರಮಂಡಲ, ಅಂತರ್ಜಾಲ ಎಲ್ಲವನ್ನೂ ‘ಮಹಾಕುಟುಂಬ’ಗಳಾಗಿ ವಿಂಗಡಿಸಲಾಯಿತು.

ಕೆಲಸ ಸೊಗಸಾದದ್ದೇ. ಆದರೆ ಅದರಿಂದ ಹುಟ್ಟಿ ಈಗ ಪಾಠದ ಮಾತಿನಂತೆ ಓಡಾಡುತ್ತಿರುವ ನಂಬಿಕೆಯನ್ನು ನಾನು ಒಪ್ಪಲಾರೆ: ಹೆಚ್ಚು ಸಲ ಕಾಣುವ ಆಕಾರವನ್ನು ವಿಕಾಸವೇ ಆಯ್ದುಕೊಂಡಿದೆ, ಆಕಾರಗಳ ಪಟ್ಟಿ ಹೊಂದಿದರೆ ಜಾಲಗಳ ಸ್ವಭಾವವೂ ಹೊಂದುತ್ತದೆ ಎಂಬುದು ಆ ನಂಬಿಕೆ.

ಇ. ಕೋಲಿಯನ್ನೇ ನೋಡಿ. ಗ್ಲೂಕೋಸ್ ಮುಗಿದಾಗ ಸಿಆರ್‌ಪಿ ಎಂಬ ಪ್ರೋಟೀನು ಚುರುಕಾಗುತ್ತದೆ. ಅರಾಬಿನೋಸ್ ಸಕ್ಕರೆಯನ್ನು ಒಡೆಯುವ ಜೀನ್‌ಗಳನ್ನು ಅದು ನೇರವಾಗಿಯೂ ಪ್ರಚೋದಿಸುತ್ತದೆ, ಅರಾಸಿ ಎಂಬ ಇನ್ನೊಂದು ಪ್ರೋಟೀನಿನ ಮೂಲಕವೂ ಪ್ರಚೋದಿಸುತ್ತದೆ. ಎರಡೂ ಕೂಡಿ ಬಂದರೆ ಮಾತ್ರ ಕೆಲಸ ಶುರು. ಹಾಗಾಗಿ ಆರಂಭ ತಡವಾಗುತ್ತದೆ. ಕ್ಷಣಕಾಲದ ಏರಿಳಿತಕ್ಕೆ ಕೋಶ ಮೋಸಹೋಗುವುದಿಲ್ಲ. ನಿಲ್ಲುವುದು ಮಾತ್ರ ತಡವಿಲ್ಲದೆ. ಇನ್ನು ಗ್ಯಾಲಕ್ಟೋಸ್ ಕಡೆ ಬನ್ನಿ. ಅಲ್ಲಿಯೂ ಅದೇ ಸಿಆರ್‌ಪಿ, ಅದೇ ಮೂರು ಬಾಣ. ಆದರೆ ನಡುವಿನ ಗ್ಯಾಲ್‌ಎಸ್ ತಡೆಯೊಡ್ಡುವ ಪ್ರೋಟೀನು. ಅದರ ಫಲವಾಗಿ ಉತ್ಪಾದನೆ ಬೇಗ ಏರಿ ಕೆಳಮಟ್ಟದಲ್ಲಿ ನೆಲೆಗೊಳ್ಳುತ್ತದೆ. ಒಂದು ತಡಮಾಡುತ್ತದೆ, ಇನ್ನೊಂದು ಅವಸರಿಸುತ್ತದೆ. ಬರೀ ಬಾಣ ಎಣಿಸುವವನ ಪುಸ್ತಕದಲ್ಲಿ ಎರಡೂ ಒಂದೇ ಕಾಲಂ! ಪ್ರಚೋದನೆ, ತಡೆ ಎಂಬ ಗುರುತು ಹಾಕಿದರೆ ಈ ಒಂದು ಆಕಾರವೇ ಎಂಟು ಬಗೆಯಾಗುತ್ತದೆ. ಅಲೋನ್ ತಂಡವೇ ಇದನ್ನು ತೋರಿಸಿದೆ. ಹೋಲಿಕೆಗೆ ಕೂತವರು ಮರೆಯುತ್ತಾರೆ.

‘ಹೆಚ್ಚು’ ಎಂದಾಗ ಯಾವುದಕ್ಕಿಂತ ಹೆಚ್ಚು ಎಂಬ ಪ್ರಶ್ನೆಯೂ ಇದೆ. ಸಿ. ಎಲೆಗನ್ಸ್ ಹುಳುವಿನಲ್ಲಿ ಅಕ್ಕಪಕ್ಕದ ನರಕೋಶಗಳು ಕೂಡಿಕೊಳ್ಳುವ ಸಾಧ್ಯತೆಯೇ ಜಾಸ್ತಿ. ಬಾಣಗಳನ್ನು ಅದಲುಬದಲು ಮಾಡುವಾಗ ಈ ನೆರೆಹೊರೆ ಅಳಿಸಿಹೋಗುತ್ತದೆ. ಯಾವ ಆಯ್ಕೆಯೂ ಇಲ್ಲದೆ, ಹತ್ತಿರದವು ಹೆಚ್ಚು ಬೆಸೆಯುವ ಆಟಿಕೆ ಜಾಲದಲ್ಲೂ ಇಂಥ ಆಕಾರಗಳು ಹೆಚ್ಚಾಗುತ್ತವೆಂದು 2004ರಲ್ಲಿಯೇ ಆರ್ಟ್ಸಿ-ರಾಂಡ್ರಪ್ ಮತ್ತು ಸಂಗಡಿಗರು ತೋರಿಸಿದರು. ಆ ಆಕ್ಷೇಪಕ್ಕೆ ಸಲ್ಲಬೇಕಾದಷ್ಟು ಗಮನ ಇಂದಿಗೂ ಸಂದಿಲ್ಲ.

ಎಣಿಕೆಯನ್ನೇ ಬಿಡಿ ಎನ್ನುತ್ತಿಲ್ಲ. ಆಕಾರದೊಳಗೆ ಪ್ರತಿ ಜೀನ್ ಯಾವ ಸ್ಥಾನದಲ್ಲಿ ನಿಂತಿದೆ, ಬಾಣದ ತಲೆಯಲ್ಲೋ ಬುಡದಲ್ಲೋ ಎಂದು ದಾಖಲಿಸುವ ದಿಕ್ಕುಳ್ಳ ಗ್ರಾಫ್ಲೆಟ್‌ಗಳ ವಿಧಾನ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಅದಕ್ಕೂ ಪ್ರಚೋದನೆ–ತಡೆಗಳ ಗುರುತು ಸೇರಬೇಕು. ಹೋಲಿಕೆಗೆ ಬಳಸಿದ ಯಾದೃಚ್ಛಿಕ ಜಾಲವನ್ನು ಹೇಗೆ ಕಟ್ಟಿದರೆಂಬುದು ಪ್ರಬಂಧದ ಅನುಬಂಧದಲ್ಲಲ್ಲ, ಮೊದಲ ಪುಟದಲ್ಲೇ ಇರಬೇಕು.